ಸೊನ್ನೆಯ ತಗಡು

ಮಾಚೇನಹಳ್ಳಿಯ ಎರಕದ ಕಾರ್ಖಾನೆ ಗೇಟಿನಲ್ಲಿ
ಒಂದು ಹಸಿರು ಬೋರ್ಡು, ಅದಕ್ಕೆ ಮೂರು ಕೊಕ್ಕೆ.
‘ಅಪಘಾತವಿಲ್ಲದ ದಿನಗಳು’ ಎಂದು ಬರೆದದ್ದರ ಕೆಳಗೆ
ಬೆಳಿಗ್ಗೆ ಆರೂವರೆಗೆ ತಗಡಿನ ಅಂಕಿ ತೂಗುಹಾಕುವುದು
ನನ್ನ ಕೆಲಸ.

ಎಡಗೈಯಲ್ಲಿ ಎರಡೇ ಬೆರಳು ಉಳಿದವನಿಗೆ
ಇಷ್ಟಾದರೂ ಆದೀತು ಅಂತ ಕೊಟ್ಟರು.
ಹೆಬ್ಬೆರಳೂ ಇದೆ, ಸುಳ್ಳು ಹೇಳಬಾರದು.

ಯಾವ ತಗಡಿನ ಬಣ್ಣ ಎಷ್ಟು ಸವೆದಿದೆ ನೋಡಿ
ಪೇಟೆ ಹೇಗಿತ್ತು ಅಂತ ಹೇಳಬಲ್ಲೆ,
ಪೇಪರು ಬೇಕಿಲ್ಲ.

ಬ್ರೇಕ್ ಡ್ರಮ್ಮು ಎಷ್ಟು ಎರೆದರೂ ಸಾಲದ ವರ್ಷ
ಗೇಟಿನಿಂದ ಹೈವೇವರೆಗೂ ಲಾರಿ.
ಮೂರು ಪಾಳಿ, ಅದರ ಮೇಲೆ ಓಟಿ.
ಆಯನೂರಿನಿಂದ, ಶಿಕಾರಿಪುರದ ತಾಂಡಾಗಳಿಂದ, ಬಿಹಾರದಿಂದ
ಬೂಟು ಬರುವ ಮೊದಲೇ ಹುಡುಗರು ಬಂದರು.
ಕುಲುಮೆ ಆರಲಿಲ್ಲ;
ಎರಕ ಆರುವ ಮೊದಲೇ ಅಚ್ಚು ಒಡೆದರು,
ಒಳಗಿನ್ನೂ ಕೆಂಪಿತ್ತು.

ಆ ವರ್ಷ ನನಗೆ ಒಂದೇ ಕೊಕ್ಕೆ ಸಾಕಾಯಿತು.
ನಾಲ್ಕು. ಐದು. ಸೊನ್ನೆ.
ಒಂದು. ಎರಡು. ಸೊನ್ನೆ.
ಪುಟ್ಯಾ ನಾಯ್ಕನ ಪಾದದ ಮೇಲೆ ಲೇಡಲ್ ತುಳುಕಿದಾಗ
ಅವನು ಸೇರಿ ಒಂಬತ್ತು ದಿನ,
ಹಾಜರಿ ಪುಸ್ತಕದಲ್ಲಿ ಹೆಸರಿನ್ನೂ ಪೆನ್ಸಿಲ್ಲಿನಲ್ಲೇ ಇತ್ತು.
ಅದೇ ವಾರ ಬೋನಸ್ಸೂ ಬಂತು.
ಮನೆಗೊಂದು ಮಿಕ್ಸಿ ತಂದೆ.
ಅದು ತಿರುಗುವಾಗ ಈಗಲೂ
ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ನನ್ನ ಬೆರಳೂ ಅಂಥದೇ ಒಂದು ವರ್ಷದ್ದು.
ಹದಿನಾರು ಗಂಟೆಯ ಮೇಲೆ ಹದಿನೇಳನೆಯದು.
ಪ್ರೆಸ್ಸು ತನ್ನದೇನೂ ತಪ್ಪಿಲ್ಲವೆಂಬಂತೆ
ಮೇಲೆ ಹೋಗಿ, ಮತ್ತೆ ಕೆಳಗೆ ಬಂತು.

ಆಮೇಲೆ ಆರ್ಡರ್ ನಿಂತವು.
ಮೊದಲು ರಾತ್ರಿ ಪಾಳಿ ಹೋಯಿತು,
ಆಮೇಲೆ ಕ್ಯಾಂಟೀನಿನ ಎರಡನೇ ಪಲ್ಯ,
ಆಮೇಲೆ ಹುಡುಗರು.
ಕುಲುಮೆ ಹೊತ್ತಿಸುವುದು ವಾರಕ್ಕೆ ಎರಡು ದಿನ.
ನಾನು ಎರಡನೇ ಕೊಕ್ಕೆಯ ತುಕ್ಕು ಕೆರೆದೆ,
ಮೂರನೆಯದಕ್ಕೆ ಎಣ್ಣೆ ಬಿಟ್ಟೆ.
ನೂರನೆಯ ದಿನ ಮ್ಯಾನೇಜರ್ ಷಡಾಕ್ಷರಿಯವರು
ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.
ಎಲ್ಲರಿಗೂ ಮೈಸೂರು ಪಾಕಿನ ಡಬ್ಬಿ.
ಎಲ್ಲರೂ ಅಂದರೆ ಅರವತ್ತು ಜನ;
ಇನ್ನೂರ ಹತ್ತು ಮಂದಿ ಇದ್ದ ಜಾಗದಲ್ಲಿ.
ಡಬ್ಬಿ ಮಿಕ್ಕವು.

ನೂರ ಮೂವತ್ತೇಳನೆಯ ಬೆಳಿಗ್ಗೆ
ಜಬೀವುಲ್ಲಾ ಗೇಟಿಗೆ ಬಂದ.
ನೆಲಕ್ಕೆ ಊರುವ ಮೊದಲು ಅವನ ಬಲಗಾಲು
ಪ್ರತಿಸಲವೂ ಒಂಚೂರು ಯೋಚಿಸುತ್ತಿತ್ತು.
ಹಿಂದಿನ ಸಂಜೆ ಫೆಟ್ಲಿಂಗಿನಲ್ಲಿ ಡ್ರಮ್ಮು ಬಿದ್ದದ್ದನ್ನು
ಯಾರೂ ನೋಡಿರಲಿಲ್ಲ.
ಅಂದರೆ, ನೋಡಿದ ನಾಲ್ವರೂ ನೋಡಿರಲಿಲ್ಲ.
ಮುಂದಿನ ಪಟ್ಟಿಯಲ್ಲಿ ಹನ್ನೆರಡು ಹೆಸರು ಅಂತ ಸುದ್ದಿಯಿತ್ತು.

‘ಕಾಲಿಗೇನಾಯ್ತೋ?’
‘ಹೊಸಾ ಬೂಟು, ಕಚ್ತೈತೆ.’

ಬೂಟಿಗೆ ಮೂರು ವರ್ಷ.
ಹೊಲಿಗೆಯ ಸಂದಿಯಲ್ಲಿ ಏನೋ ಒಣಗಿ ಕಪ್ಪಾಗಿತ್ತು.

ನನ್ನ ಕೈಯಲ್ಲಿ ಎರಡು ತಗಡು: ಏಳು, ಸೊನ್ನೆ.
ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.
ಏಳು ಹಾಕಿದೆ.
ಅವನು ಬೋರ್ಡು ನೋಡಿದ, ನನ್ನ ಎಡಗೈ ನೋಡಿದ,
ಒಳಗೆ ಹೋದ
ನೆಟ್ಟಗೆ ನಡೆಯುತ್ತ,
ನನ್ನ ಕಣ್ಣಿಗೆ ಬೀಳುವಷ್ಟು ದೂರ.

ಈಚೆಗೆ ಮತ್ತೆ ಲಾರಿ ನಿಲ್ಲುತ್ತಿವೆ.
ಕ್ಯಾಂಟೀನಿನಲ್ಲಿ ಎರಡನೇ ಪಲ್ಯ, ಹೆಚ್ಚಾಗಿ ಬೀಟ್ರೂಟು.
ನಿನ್ನೆ ಆರು ಜನ ಹೊಸ ಹುಡುಗರು ಬಂದರು.
ಒಬ್ಬ ಬೋರ್ಡಿನತ್ತ ಕತ್ತೆತ್ತಿ
‘ಇದೇನಣ್ಣ, ಸ್ಕೋರಾ?’ ಅಂದ.
ನಗು ಬಂತು.
ಬೂಟು ಕೊಟ್ಟರಾ ಅಂತ ಕೇಳಿದೆ.
ಮುಂದಿನ ವಾರವಂತೆ.

ಅಡಿಯಲ್ಲೆಲ್ಲೋ ಸೇರಿದ್ದ ಸೊನ್ನೆಯನ್ನು ಹುಡುಕಿ
ಒರೆಸಿ
ಕಟ್ಟಿನ ಮೇಲಿಟ್ಟೆ, ಕೈಗೆ ಸಿಗುವ ಹಾಗೆ.